ಹಾಸಿಗೆಯೆಂಬ ಔಷಧ

ಔಷಧವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಷಾಯ, ಗುಳಿಗೆ, ಸೂಜಿಮದ್ದು ಇವೇ. ಆದರೆ ಹೆಚ್ಚುಕಡಿಮೆ ಒಂದು ನೂರು ವರ್ಷಗಳ ಕಾಲ ವೈದ್ಯರು ಬಹು ನಂಬಿಕೆಯಿಂದ ಬರೆದುಕೊಡುತ್ತಿದ್ದ ಇನ್ನೊಂದು ಔಷಧವಿತ್ತು. ಅದನ್ನು ಅರೆಯಬೇಕಾಗಿರಲಿಲ್ಲ, ಸೀಸೆಯಲ್ಲಿ ತುಂಬಬೇಕಾಗಿರಲಿಲ್ಲ. ಅದು ಹಾಸಿಗೆ. ಹೃದಯಕ್ಕೆ ಪೆಟ್ಟಾದರೆ ಆರು ವಾರ, ಹೆರಿಗೆಯಾದರೆ ಹತ್ತು ಹನ್ನೆರಡು ದಿನ, ಹೊಟ್ಟೆಗೆ ಶಸ್ತ್ರಚಿಕಿತ್ಸೆಯಾದರೆ ಎರಡು ವಾರ, ಕ್ಷಯವಾದರೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಮಲಗಿರಬೇಕೆಂಬುದು ವಿಧಿಯಾಗಿತ್ತು. "ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ" ಎಂದು ನಾವು ಪರಸ್ಪರ ಹೇಳಿಕೊಳ್ಳುವ ಉಪಚಾರದ ಮಾತು ಇದಲ್ಲ. ಇದಕ್ಕೆ ಪ್ರಮಾಣವಿತ್ತು, ಅವಧಿಯಿತ್ತು, ಪಥ್ಯವಿತ್ತು. ರೋಗಿ ಅನುಮತಿಯಿಲ್ಲದೆ ಎದ್ದು ಕುಳಿತರೆ ಮದ್ದನ್ನು ಚೆಲ್ಲಿದಂತೆಯೇ ಅಪರಾಧವಾಗುತ್ತಿತ್ತು.

ಈ ಔಷಧಕ್ಕೆ ಅಂಗಡಿಯಲ್ಲಿ ಬೆಲೆಯಿರಲಿಲ್ಲ. ಆದರೆ ಬೆಲೆಯೇ ಇರಲಿಲ್ಲವೆಂದು ಹೇಳಲಾಗದು. ಮಲಗಿದವನು ದುಡಿಯಲಾರ, ದುಡಿಯದವನ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಆದಕಾರಣ ಹಾಸಿಗೆಯ ಚರಿತ್ರೆಯನ್ನು ಬರಿಯ ವೈದ್ಯಗ್ರಂಥಗಳಲ್ಲಿ ನೋಡಿದರೆ ಸಾಲದು. ಹೊಲಗದ್ದೆಗಳ ಕಡೆಯಿಂದಲೂ ನೋಡಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳು ಅಂಥ ನೋಟಕ್ಕೆ ತಕ್ಕ ಸ್ಥಳ. ಕಾವೇರಿಯ ನಾಲೆಯ ಬತ್ತ ಕಬ್ಬುಗಳೂ ಮಳೆಯನ್ನೇ ನಂಬಿದ ರಾಗಿಯ ಹೊಲಗಳೂ ಇಲ್ಲಿ ಅಕ್ಕಪಕ್ಕದಲ್ಲಿವೆ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯ ಜಿಲ್ಲೆ ಬೇರೆಯಾಗುವವರೆಗೆ ಇವು ಆಡಳಿತದಲ್ಲಿ ಮೈಸೂರಿಗೇ ಸೇರಿದ್ದವು. ಆಸ್ಪತ್ರೆಯ ವಿಷಯದಲ್ಲಿ ಅನಂತರವೂ ಬಹುಕಾಲ ಮೈಸೂರಿನ ಕಡೆಗೇ ಮುಖಮಾಡಿದ್ದವು.

ವಿಶ್ರಾಂತಿಯಿಂದ ರೋಗ ವಾಸಿಯಾಗುತ್ತದೆಂಬ ಭಾವನೆ ನಮಗೆ ಪಶ್ಚಿಮದಿಂದ ಬಂದುದಲ್ಲ. ಸುಶ್ರುತ ಸಂಹಿತೆಯಲ್ಲಿ ಗಾಯಗೊಂಡವನ ಕೊಠಡಿ ಹೇಗಿರಬೇಕು, ಅವನ ಹಾಸಿಗೆಯ ತಲೆ ಯಾವ ದಿಕ್ಕಿಗಿರಬೇಕು, ಹಿತವಾದ ಮಾತುಕತೆಗಳಿಂದ ನೋವನ್ನು ಮರೆಸುವ ಗೆಳೆಯರು ಹೇಗೆ ಹತ್ತಿರವಿರಬೇಕು ಎಂಬುದನ್ನೆಲ್ಲ ಹೇಳಿದೆ. ಕಾಲಿನ ಎಲುಬು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಅತ್ತಿತ್ತ ಅಲುಗದಂತೆ ಗೂಟಗಳಿಂದ ಬಂಧಿಸುವ ಕಪಾಟಶಯನವೆಂಬ ವಿಧಾನವನ್ನೂ ಅಲ್ಲಿ ವಿವರಿಸಿದೆ. ಆದರೆ ಅದೇ ಗ್ರಂಥ ಗಾಯಾಳುವಿಗೆ ಹಗಲು ನಿದ್ರೆಯನ್ನು ನಿಷೇಧಿಸುತ್ತದೆ. ಮಲಗುವುದಕ್ಕೂ ಒಂದು ಉದ್ದೇಶ, ಒಂದು ಮಿತಿ ಇರಬೇಕೆಂಬುದು ಇಲ್ಲಿಯ ತಾತ್ಪರ್ಯ. ಚರಕ ಸಂಹಿತೆಯಾದರೋ ರಾಜಯಕ್ಷ್ಮಕ್ಕೆ ನಾಲ್ಕು ಕಾರಣಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು "ಸಾಹಸ", ಎಂದರೆ ತನ್ನ ಬಲಕ್ಕೆ ಮೀರಿದ ದುಡಿಮೆ; ಕೊನೆಯದು ಹೊತ್ತುಗೊತ್ತಿಲ್ಲದ ಊಟ. ದುಡಿಮೆ ಮತ್ತು ಅನ್ನ ಎಂಬ ಈ ಎರಡು ಮಾತುಗಳು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ.

ಶಾಸ್ತ್ರದ ಮಾತಿರಲಿ, ನಮ್ಮ ಹಳ್ಳಿಗಳ ಆಚಾರದಲ್ಲಿಯೂ ಮಲಗಿಸುವ ವಿಧಿಗಳುಂಟು. ಬಾಣಂತಿಗೆ ಬೇರೆ ಕೋಣೆ, ಬೆಚ್ಚನೆಯ ಹೊದಿಕೆ, ಎಣ್ಣೆನೀರು, ಪಥ್ಯದ ಊಟ. ಮೈಮೇಲೆ ಅಮ್ಮ ಎದ್ದವರಿಗೆ ಬೇವಿನ ಸೊಪ್ಪಿನ ಮೇಲೆ ಹಾಸಿಗೆ, ಮನೆಗೆ ಹೊರಗಿನವರ ಪ್ರವೇಶವಿಲ್ಲ. ಇವುಗಳಲ್ಲಿ ಎರಡು ಗುಣಗಳನ್ನು ಗಮನಿಸಬೇಕು. ಒಂದು, ಅವಧಿ ಮೊದಲೇ ಗೊತ್ತು. ಮತ್ತೊಂದು, ಮಲಗಿದವರ ಕೆಲಸವನ್ನು ಯಾರಾದರೂ ವಹಿಸಿಕೊಳ್ಳುತ್ತಾರೆ. ತಾಯಿಯೋ ಅತ್ತಿಗೆಯೋ ನೆರೆಮನೆಯವರೋ. ತೌರಿನ ಆಸರೆಯಿಲ್ಲದ ಕೂಲಿಯ ಹೆಂಗಸು ಮಾತ್ರ ಹೆತ್ತ ಕೆಲವೇ ದಿನಗಳಲ್ಲಿ ಕಳೆ ಕೀಳಲು ಹೋಗಬೇಕಾಗುತ್ತಿತ್ತು. ವಿಶ್ರಾಂತಿಯೆಂಬುದು ಶರೀರದ ಸ್ಥಿತಿ ಮಾತ್ರವಲ್ಲ, ಸಂಸಾರದ ಸ್ಥಿತಿಯೂ ಹೌದೆಂಬುದು ಆಗಲೇ ಸ್ಪಷ್ಟವಾಗಿತ್ತು.

ಈ ಸೀಮೆಯ ಜನರನ್ನು ಬಹುಕಾಲ ಹಾಸಿಗೆ ಹಿಡಿಸಿದ ರೋಗ ಚಳಿಜ್ವರ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ದಂಡು ದ್ವೀಪದಲ್ಲಿ ನೆಲಸಿತು. ಕೋಟೆಯನ್ನು ಗೆದ್ದವರು ಅಲ್ಲಿಯ ಜ್ವರವನ್ನು ಗೆಲ್ಲಲಾರದೆ ಹೋದರು. ಹತ್ತು ಹನ್ನೆರಡು ವರ್ಷಗಳೊಳಗೆ ದಂಡಿನ ಮುಖ್ಯ ನೆಲೆ ಬೆಂಗಳೂರಿಗೆ ಸಾಗಿತು. ಆಗ ಹಿರೋಡೆಯೆಂದೂ, ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದುದರಿಂದ ಫ್ರೆಂಚ್ ರಾಕ್ಸ್ ಎಂದೂ ಹೆಸರಾಗಿದ್ದ ಇಂದಿನ ಪಾಂಡವಪುರದಲ್ಲಿಯೂ ಅನಂತರ ದಂಡಿನ ಒಂದು ಠಾಣ್ಯವಿತ್ತು. ಜ್ವರ ಬಂದ ಸಿಪಾಯಿಗೆ ಆಸ್ಪತ್ರೆಯಲ್ಲಿ ಮಂಚ ಸಿಕ್ಕುತ್ತಿತ್ತು. ಜ್ವರ ಬಂದ ಬೇಸಾಯಗಾರನಿಗೆ ಇದ್ದುದು ಕಂಬಳಿಯೊಂದೇ. ದಿನ ಬಿಟ್ಟು ದಿನ ಬರುವ ಆ ಜ್ವರದ ಲಯಕ್ಕೆ ಅವನು ತನ್ನ ಬಾಳನ್ನು ಹೊಂದಿಸಿಕೊಂಡಿದ್ದನು. ನಡುಕ ಬಂದ ದಿನ ಜಗಲಿಯ ಮೇಲೆ ಮುದುಡಿಕೊಂಡು, ಬಿಟ್ಟ ದಿನ ನೇಗಿಲು ಹಿಡಿಯುತ್ತಿದ್ದನು.

ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು, ಒಣಭೂಮಿ ಗದ್ದೆಯಾದ ಮೇಲೆ ಸೊಳ್ಳೆಗೂ ಹೊಸ ನೆಲೆ ಸಿಕ್ಕಿತು. ಮೈಸೂರು ಸಂಸ್ಥಾನದವರು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯ ವೇಳೆಗೆ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಾಗ, ಅವರ ಕೇಂದ್ರಗಳಲ್ಲಿ ಒಂದು ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ನಾಗನಹಳ್ಳಿಯಲ್ಲಿತ್ತು. ಇಲ್ಲಿ ಕಲಿಯಬೇಕಾದ ಪಾಠ ಸರಳವಾದದ್ದು. ಚಳಿಜ್ವರದವನು ಎಷ್ಟು ದಿನ ಮಲಗಿದರೂ ಅವನ ರಕ್ತದಲ್ಲಿಯ ಕ್ರಿಮಿ ಮಲಗುವುದಿಲ್ಲ. ಅದನ್ನು ಅಡಗಿಸಿದ್ದು ಕ್ವಿನೈನ್. ಹರಡದಂತೆ ತಡೆದದ್ದು ಸೊಳ್ಳೆಯ ನಿಗ್ರಹ. ರೋಗದ ನಿಜವಾದ ಕಾರಣ ತಿಳಿದು, ಅದಕ್ಕೆ ತಕ್ಕ ಮದ್ದು ದೊರೆತಲ್ಲಿ ಹಾಸಿಗೆ ಔಷಧದ ಪದವಿಯಿಂದ ಇಳಿದು ಬರಿಯ ಹಾಸಿಗೆಯಾಗುತ್ತದೆ. ಕ್ಷಯದ ವಿಷಯದಲ್ಲಿಯೂ ಇದೇ ನಡೆಯಬೇಕಾಗಿತ್ತು. ಆದರೆ ಅದು ಬಹಳ ತಡವಾಗಿ ನಡೆಯಿತು.

ಅದು ಏಕೆ ತಡವಾಯಿತೆಂಬುದನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಯೂರೋಪು ಅಮೆರಿಕಗಳ ಕಡೆಗೆ ಒಮ್ಮೆ ನೋಡಬೇಕು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1860ರ ದಶಕದಲ್ಲಿ ವಿಶ್ರಾಂತಿ ಮತ್ತು ನೋವು ಎಂಬ ವಿಷಯದ ಮೇಲೆ ಪ್ರಸಿದ್ಧ ಉಪನ್ಯಾಸಗಳನ್ನು ಮಾಡಿ, ಗಾಯ ಮಾಗಲು ಪ್ರಕೃತಿಗೆ ಬೇಕಾದುದು ಅಲುಗಾಟವಿಲ್ಲದಿರುವಿಕೆ ಎಂದು ಸಾಧಿಸಿದನು. ಫಿಲಡೆಲ್ಫಿಯದ ವಿಯರ್ ಮಿಚೆಲ್ ನರಗಳ ದೌರ್ಬಲ್ಯವೆಂದು ಹೇಳಲಾಗುತ್ತಿದ್ದ ಸ್ತ್ರೀಯರನ್ನು ವಾರಗಟ್ಟಲೆ ಮಲಗಿಸಿ, ಹಾಲು ಕುಡಿಸಿ, ಮೈ ನೀವಿಸಿ, ಓದುಬರಹಗಳನ್ನೂ ನಿಷೇಧಿಸುತ್ತಿದ್ದನು. ಆ ಚಿಕಿತ್ಸೆಗೆ ಒಳಗಾದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಎಂಬ ಲೇಖಕಿ, ಹಾಗೆ ಮಲಗಿಸಲ್ಪಟ್ಟ ಹೆಂಗಸೊಬ್ಬಳ ಬುದ್ಧಿ ಕೆಡುವುದನ್ನು ಕುರಿತು 1892ರಲ್ಲಿ ಕಥೆಯನ್ನೇ ಪ್ರಕಟಿಸಿದಳು. ಕ್ಷಯರೋಗಿಗಳಿಗಾಗಿ ಜರ್ಮನಿಯ ಹರ್ಮನ್ ಬ್ರೆಮರ್ ಗುಡ್ಡಗಾಡಿನಲ್ಲಿ ಆರೋಗ್ಯಧಾಮವನ್ನು ತೆರೆದನು. ಅವನು ರೋಗಿಗಳನ್ನು ಗುಡ್ಡದ ದಾರಿಗಳಲ್ಲಿ ನಡೆಸುತ್ತಿದ್ದನು. ಅವನಲ್ಲಿಯೇ ರೋಗಿಯಾಗಿದ್ದು ವೈದ್ಯನಾದ ಪೀಟರ್ ಡೆಟ್‌ವೈಲರ್ ಇದಕ್ಕೆ ವಿರುದ್ಧವಾಗಿ, 1876ರಲ್ಲಿ ತೆರೆದ ತನ್ನ ಧಾಮದಲ್ಲಿ ರೋಗಿಗಳನ್ನು ತೆರೆದ ಪಡಸಾಲೆಯ ಒರಗುಕುರ್ಚಿಗಳಲ್ಲಿ ದಿನವಿಡೀ ಮಲಗಿಸಿದನು. ಇಬ್ಬರ ರೋಗಿಗಳಲ್ಲಿಯೂ ಕೆಲವರು ಗುಣವಾದರು, ಕೆಲವರು ತೀರಿಕೊಂಡರು. ಆದರೂ ಮಲಗಿಸುವ ಪಕ್ಷವೇ ಲೋಕದಲ್ಲಿ ಗೆದ್ದಿತು.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟನು. ಆದರೆ ಶತ್ರುವಿನ ಮುಖ ಕಂಡಿತೇ ಹೊರತು ಕೈಗೆ ಆಯುಧ ಬರಲಿಲ್ಲ. ಆಯುಧವಿಲ್ಲದ ವೈದ್ಯ ಏನು ಮಾಡಬೇಕು? ಉಸಿರಾಡುವಾಗಲೆಲ್ಲ ಅಲುಗುವ ಶ್ವಾಸಕೋಶದ ಹುಣ್ಣು ಮಾಗಬೇಕಾದರೆ ಶರೀರವನ್ನು ನಿಶ್ಚಲವಾಗಿಡಬೇಕು ಎಂದು ಅವನು ತರ್ಕಿಸಿದನು. ಎದೆಗೂಡಿನೊಳಕ್ಕೆ ಗಾಳಿ ತುಂಬಿ ರೋಗವಿರುವ ಶ್ವಾಸಕೋಶವನ್ನೇ ಕುಗ್ಗಿಸಿ "ಮಲಗಿಸುವ" ಪದ್ಧತಿಯೂ ಇದೇ ತರ್ಕದಿಂದ ಹುಟ್ಟಿತು. ತರ್ಕ ಸುಂದರವಾಗಿತ್ತು. ಪರೀಕ್ಷೆ ಮಾತ್ರ ನಡೆದಿರಲಿಲ್ಲ.

ಮೈಸೂರಿನ ರಾಜಮನೆತನವನ್ನೂ ಈ ರೋಗ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ತುತ್ತಾದರು. ಆಕೆಯ ಹೆಸರಿನಲ್ಲಿ ಮಹಾರಾಜರು ಕಟ್ಟಿಸಿದ ಆರೋಗ್ಯಧಾಮ 1921ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದು ಇರುವುದು ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯಲ್ಲಿ, ಎಂದರೆ ನಾವು ನೋಡುತ್ತಿರುವ ತಾಲ್ಲೂಕುಗಳ ದಿಕ್ಕಿನಲ್ಲಿಯೇ. ಅರಮನೆಯ ಸೌಕರ್ಯಗಳೂ ಉಳಿಸಲಾರದೆ ಹೋದ ಜೀವದ ನೆನಪಿಗೆ ಸಾಮಾನ್ಯ ಪ್ರಜೆಗಳಿಗಾಗಿ ಕಟ್ಟಿದ ಆ ಸಂಸ್ಥೆಯ ಔದಾರ್ಯವನ್ನು ಯಾರೂ ಕಡಮೆಯಾಗಿ ಎಣಿಸಲಾರರು.

ಆ ಕಾಲದ ಆರೋಗ್ಯಧಾಮಗಳ ದಿನಚರಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಜ್ವರವಿರುವಾಗ ಸಂಪೂರ್ಣ ಶಯ್ಯೆ. ಊಟ, ಸ್ನಾನ ಎಲ್ಲವೂ ಮಲಗಿದಲ್ಲಿಯೇ. ಜ್ವರಮಾಪಕದ ರೇಖೆ ಇಳಿದ ಮೇಲೆ ಕುಳಿತುಕೊಳ್ಳಲು ಅನುಮತಿ. ಆಮೇಲೆ ನಾಲ್ಕು ಹೆಜ್ಜೆ. ಆಮೇಲೆ ಆವರಣದೊಳಗೆ ನಡಿಗೆ. ಜೊತೆಗೆ ಹಾಲು, ಮೊಟ್ಟೆ, ಬಯಲ ಗಾಳಿ. ಗುಣವಾದವರು ಇಲ್ಲದಿಲ್ಲ. ಆದರೆ ಅವರನ್ನು ಗುಣಪಡಿಸಿದ್ದು ಯಾವುದು? ಹಾಸಿಗೆಯೇ, ಹಾಲೇ, ಗಾಳಿಯೇ, ದುಡಿಮೆಯಿಂದ ಬಿಡುಗಡೆಯೇ, ಅಥವಾ ಅವರ ಶರೀರದ ಸ್ವಂತ ಬಲವೇ? ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಇದನ್ನು ಹೇಳುವವರಾರು?

ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿಲೋಮೀಟರು. ನಾಗಮಂಗಲದಿಂದ ಸುಮಾರು 60. ಆದರೆ ರೋಗಿಗೆ ದೂರವಾದದ್ದು ರಸ್ತೆಯಲ್ಲ, ಕಾಲ. ಮುಂಗಾರಿನಲ್ಲಿ ಉಳುವವನೊಬ್ಬ ಆರು ತಿಂಗಳು ಮಲಗಿದನೆಂದರೆ ಆ ವರ್ಷದ ರಾಗಿ ಹೋಯಿತು. ನಾಲೆಯ ಬಯಲಿನಲ್ಲಿ ನಾಟಿಯ ಕಾಲ, ಕಬ್ಬಿನ ಕಟಾವು, ಆಲೆಮನೆ ಇವು ಯಾರ ಎದೆಯ ಹುಣ್ಣಿಗಾಗಿಯೂ ಕಾಯುವುದಿಲ್ಲ. ಎತ್ತು ಮಾರಬೇಕು, ಇಲ್ಲವೆ ಸಾಲ ಮಾಡಬೇಕು, ಇಲ್ಲವೆ ಹೆಂಡತಿ ಮಕ್ಕಳು ಎರಡು ಪಾಲು ದುಡಿಯಬೇಕು. ಅದೂ ಧಾಮದಲ್ಲಿ ಮಂಚ ಸಿಕ್ಕಿದವರ ಮಾತು. 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿ, ಬ್ರಿಟಿಷ್ ಇಂಡಿಯದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿರುವರೆಂದೂ ಅವರಿಗಾಗಿ ಇರುವ ಮಂಚಗಳು ಸುಮಾರು 6,000 ಮಾತ್ರವೆಂದೂ ಲೆಕ್ಕಹಾಕಿತು. ನಾಲ್ಕುನೂರು ರೋಗಿಗಳಿಗೆ ಒಂದು ಮಂಚ! ಉಳಿದವರಿಗೆ "ಮಲಗಿರು" ಎಂಬ ವಿಧಿ ಔಷಧವಾಗಲಿಲ್ಲ; ಪಾಲಿಸಲಾಗದ ಆಜ್ಞೆಯಾಯಿತು. ರೋಗಿ ತೀರಿಕೊಂಡರೆ ಮನೆಯವರಿಗೆ ದುಃಖದ ಜೊತೆಗೆ, ಮಲಗಲು ಬಿಡದೆ ಕೊಂದೆವೆಂಬ ಅಪರಾಧಭಾವವೂ ಉಳಿಯುತ್ತಿತ್ತು.

ಅಷ್ಟರಲ್ಲಿ ಆಯುಧ ದೊರೆಯಿತು. ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದನ್ನು 1944ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಅದನ್ನು ಪರೀಕ್ಷಿಸಿ 1948ರಲ್ಲಿ ಹೊರಪಡಿಸಿದ ಫಲ ವೈದ್ಯಶಾಸ್ತ್ರದಲ್ಲಿ ಹೆಸರಾದದ್ದು. 55 ರೋಗಿಗಳಿಗೆ ಹಾಸಿಗೆಯೊಡನೆ ಮದ್ದು. 52 ರೋಗಿಗಳಿಗೆ ಹಾಸಿಗೆ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿದರು. ಆರು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡಿದ್ದರು. ಹಾಸಿಗೆಯೊಂದೇ ಸಾಲದೆಂಬುದು ಹೀಗೆ ಅಂಕೆಗಳಲ್ಲಿ ಸ್ಪಷ್ಟವಾಯಿತು. ಒಂದೇ ಮದ್ದಿಗೆ ಕ್ರಿಮಿ ಒಗ್ಗಿಕೊಳ್ಳುತ್ತದೆಂಬುದೂ ಬೇಗನೆ ತಿಳಿಯಿತು; ಪಿ.ಎ.ಎಸ್. ಮತ್ತು 1952ರಲ್ಲಿ ಬಳಕೆಗೆ ಬಂದ ಐಸೊನಿಯಾಜಿಡ್ ಇವನ್ನು ಕೂಡಿಸಿ ಕೊಡುವ ಪದ್ಧತಿ ಬಂದಿತು. ಆದರೆ ಮದ್ದಿನ ಜೊತೆಗೆ ಹಾಸಿಗೆಯೂ ಬೇಕೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಮಂಚಗಳಿಗೆ ಕೊರತೆಯಿಲ್ಲದ ದೇಶಗಳಿಗೆ ಅದನ್ನು ಕೇಳುವ ಅವಸರವಿರಲಿಲ್ಲ. ನಮಗೆ ಇತ್ತು.

ಆ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ನೆರೆಯ ಮದರಾಸಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧನಾ ಮಂಡಲಿ ಇವು ಕೂಡಿ 1956ರಲ್ಲಿ ಅಲ್ಲಿ ಒಂದು ಕೇಂದ್ರವನ್ನು ತೆರೆದವು. ನಗರದ ಬಡ ಕೇರಿಗಳಿಂದ ಬಂದ 193 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಆರೋಗ್ಯಧಾಮದಲ್ಲಿಟ್ಟರು, ಇನ್ನೊಂದನ್ನು ಅವರವರ ಮನೆಗೆ ಕಳುಹಿಸಿದರು. ಎರಡಕ್ಕೂ ಮದ್ದು ಒಂದೇ. ಧಾಮದಲ್ಲಿ ಒಳ್ಳೆಯ ಊಟ, ಗಾಳಿ, ದಾದಿಯರ ಶುಶ್ರೂಷೆ, ದೀರ್ಘವಾದ ವಿಶ್ರಾಂತಿ. ಮನೆಯಲ್ಲಿ ಇಕ್ಕಟ್ಟಾದ ಕೋಣೆ, ಬಡವರ ಊಟ, ದುಡಿಮೆ. 1959ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಹನ್ನೆರಡು ತಿಂಗಳ ಚಿಕಿತ್ಸೆಯ ಕೊನೆಗೆ ಧಾಮದಲ್ಲಿದ್ದವರಲ್ಲಿ ನೂರಕ್ಕೆ 92 ಮಂದಿಯೂ ಮನೆಯಲ್ಲಿದ್ದವರಲ್ಲಿ ನೂರಕ್ಕೆ 86 ಮಂದಿಯೂ ಗುಣದ ದಾರಿಗೆ ಬಂದಿದ್ದರು. ಮನೆಯಲ್ಲಿ ಚಿಕಿತ್ಸೆ ಪಡೆದವರಿಂದ ಮನೆಮಂದಿಗೆ ರೋಗ ಹೆಚ್ಚಾಗಿ ಹರಡಲಿಲ್ಲ. ಐದು ವರ್ಷಗಳವರೆಗೆ ನೋಡಿದರೂ ಮನೆಯಲ್ಲಿದ್ದವರಿಗೆ ಅದರಿಂದ ಹಾನಿಯಾದಂತೆ ಕಾಣಲಿಲ್ಲ.

ಈ ಅಂಕೆಗಳನ್ನು ಓದುವಾಗ ನಾಗಮಂಗಲದ ರಾಗಿ ಹೊಲದ ರೋಗಿಯನ್ನು ನೆನೆಯಬೇಕು. ಮದ್ದನ್ನು ತಪ್ಪದೆ ತೆಗೆದುಕೊಂಡರೆ ಅವನು ಮನೆಯಲ್ಲಿಯೇ ಇದ್ದು ಗುಣವಾಗಬಹುದು. ಶಕ್ತಿ ಬಂದಂತೆ ಕೆಲಸಕ್ಕೂ ಹೋಗಬಹುದು. ಶತಮಾನದಿಂದ ಶ್ರೀಮಂತನಿಗೆ ಮಾತ್ರ ಎಟುಕುತ್ತಿದ್ದ ಚಿಕಿತ್ಸೆಯ ಬಾಗಿಲಿನಿಂದ ಮಂಚವೊಂದನ್ನು ಸರಿಸಿದಂತಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅದರವರು ನಾಗಮಂಗಲದ ಎಲ್ಲೆಗೆ ತಾಗಿಕೊಂಡಿರುವ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ ನೋಡಿದಾಗ, ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆಯನ್ನು ಅರಸಿಕೊಂಡು ಹೋಗಿದ್ದುದು ತಿಳಿದುಬಂದಿತು. ಹಳ್ಳಿಯವರು ರೋಗವನ್ನು ಅಲಕ್ಷಿಸುವರೆಂಬ ಪಟ್ಟಣದವರ ಮಾತು ಸುಳ್ಳಾಯಿತು. ಸಾಮಾನ್ಯ ಆಸ್ಪತ್ರೆಗಳ ಮೂಲಕವೇ, ರೋಗಿಯನ್ನು ಮನೆಯಲ್ಲಿಟ್ಟುಕೊಂಡೇ ಚಿಕಿತ್ಸೆ ನಡೆಸುವ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ರೂಪುಗೊಂಡದ್ದು ಈ ಅಡಿಪಾಯದ ಮೇಲೆ.

ಇತರ ರೋಗಗಳಲ್ಲಿಯೂ ಹಾಸಿಗೆಯ ಪ್ರತಿಷ್ಠೆ ಇದೇ ಕಾಲದಲ್ಲಿ ಕುಂದತೊಡಗಿತು. ಲಂಡನ್ನಿನ ವೈದ್ಯ ರಿಚರ್ಡ್ ಆಷರ್ 1947ರಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಲೇಖನ ಬರೆದನು. ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ 1952ರಲ್ಲಿ, ಹೃದಯಾಘಾತವಾದವರನ್ನು ಮಲಗಿಸುವುದಕ್ಕಿಂತ ಬೇಗನೆ ಕುರ್ಚಿಯಲ್ಲಿ ಕೂರಿಸುವುದು ಲೇಸೆಂದು ತೋರಿಸಿದನು. 1999ರಲ್ಲಿ ಕೆಲವು ವಿದ್ವಾಂಸರು 15 ಬಗೆಯ ಸ್ಥಿತಿಗಳಲ್ಲಿ ಹಾಸಿಗೆಯನ್ನು ಪರೀಕ್ಷಿಸಿದ 39 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಯಾವುದರಲ್ಲಿಯೂ ಹಾಸಿಗೆಯಿಂದ ನಿಶ್ಚಿತವಾದ ಲಾಭ ಕಾಣಲಿಲ್ಲ; ಕೆಲವು ಸ್ಥಿತಿಗಳಲ್ಲಿ ಕೇಡೇ ಕಂಡಿತು. ಕಾರಣ ಗೂಢವಾದದ್ದಲ್ಲ. ಮಲಗಿದವನ ಮಾಂಸಖಂಡ ಕರಗುತ್ತದೆ, ಎಲುಬಿನ ಸುಣ್ಣ ಸೋರಿಹೋಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ನಿಲ್ಲುತ್ತದೆ. ಇಂದು ಬೆನ್ನುನೋವಿನವನಿಗೂ ಶಸ್ತ್ರಚಿಕಿತ್ಸೆಯಾದವನಿಗೂ ವೈದ್ಯರು ಸಾಮಾನ್ಯವಾಗಿ ಹೇಳುವುದು "ಆದಷ್ಟು ಬೇಗ ಎದ್ದು ಓಡಾಡು" ಎಂದು. ಮುರಿದ ಎಲುಬು ಮೊದಲಾದ ಸ್ಥಿತಿಗಳಲ್ಲಿ ಅಲುಗದಿರುವುದು ಈಗಲೂ ಅವಶ್ಯಕ. ಜ್ವರದಿಂದ ಬಳಲಿದ ದೇಹ ತಾನಾಗಿ ಒರಗುವುದನ್ನೂ ಯಾರೂ ತಪ್ಪೆನ್ನರು. ತಪ್ಪಾದುದು, ಬಳಲಿಕೆಯ ಪರಿಹಾರವನ್ನು ರೋಗದ ಮದ್ದೆಂದು ಬಗೆದದ್ದು.

ಹಾಗಾದರೆ ಹಳೆಯ ಆರೋಗ್ಯಧಾಮಗಳದು ಬರಿಯ ಭ್ರಮೆಯೇ? ಹಾಗೆನ್ನಲಾಗದು. ಅಲ್ಲಿ ಹಾಸಿಗೆಯ ಸುತ್ತ ಬೇರೆ ಕೆಲವು ವಸ್ತುಗಳಿದ್ದವು: ಹೊಟ್ಟೆತುಂಬ ಊಟ, ವಿಚಾರಿಸುವ ಜನ, ಮೀರಿದ ದುಡಿಮೆಯಿಂದ ಬಿಡುವು. ಮದರಾಸಿನ ರೋಗಿಗಳು ಬಡವರ ಊಟದಲ್ಲಿಯೇ ಮದ್ದಿನ ಬಲದಿಂದ ಗುಣವಾದುದು ನಿಜ. ಆದರೆ ರೋಗ ಬಾರದಂತೆ ತಡೆಯುವುದರಲ್ಲಿ ಅನ್ನಕ್ಕೆ ಎಷ್ಟು ಬಲವಿದೆಯೆಂಬುದು ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿಯಿತು. ಕ್ಷಯರೋಗಿಗಳ ಮನೆಮಂದಿಗೆ ಹೆಚ್ಚಿನ ಆಹಾರಧಾನ್ಯ ಕೊಟ್ಟಲ್ಲಿ ಅವರಲ್ಲಿ ಹೊಸದಾಗಿ ರೋಗ ತಗಲುವುದು ನೂರಕ್ಕೆ ಸುಮಾರು 40ರಷ್ಟು ಇಳಿಯಿತು. ಭಾರತ ಸರ್ಕಾರ 2018ರಿಂದ ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿ, 2024ರಲ್ಲಿ ಅದನ್ನು 1,000ಕ್ಕೆ ಏರಿಸಿತು. ಬಲಕ್ಕೆ ಮೀರಿದ ದುಡಿಮೆ, ಹೊತ್ತುಗೊತ್ತಿಲ್ಲದ ಊಟ ಎಂದು ಚರಕ ಸಂಹಿತೆ ಹೇಳಿದ ಮಾತು ಸುತ್ತಿ ಬಳಸಿ ಮತ್ತೆ ನಮ್ಮ ಮುಂದೆ ನಿಂತಿದೆ.

ಇಂದು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ 1986ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೇ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಮದ್ದು ಹಣವಿಲ್ಲದೆ ದೊರೆಯುತ್ತದೆ. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ಹಳೆಯ ಔಷಧದ ಬೆಲೆ ದುಡಿಮೆಯ ದಿನಗಳಾಗಿದ್ದರೆ, ಹೊಸ ಔಷಧದ ಬೆಲೆ ಕ್ರಮ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಗುರವಾದಾಗ, ಕಟಾವಿನ ಕೆಲಸ ಕರೆಯುತ್ತಿರುವಾಗ, ಗುಳಿಗೆಯನ್ನು ಬಿಡದೆ ನುಂಗುವುದು ಸುಲಭವಲ್ಲ. ಪಟ್ಟಣದಲ್ಲಿರುವ ನಾವು, ಮನೆಗೆಲಸದವರಿಗೋ ಕಾರ್ಖಾನೆಯ ಆಳಿಗೋ ಈ ರೋಗ ಬಂತೆಂದು ತಿಳಿದಾಗ, "ಆರು ತಿಂಗಳು ಊರಿಗೆ ಹೋಗಿ ಮಲಗಿಕೋ" ಎಂದು ಕಳುಹಿಸಿಬಿಡುವುದುಂಟು. ಅದು ದಯೆಯಂತೆ ತೋರುತ್ತದೆ. ನಿಜವಾಗಿ ಅದು ಕೂಲಿಯನ್ನು ಕಸಿದುಕೊಂಡು ಹಾಸಿಗೆಯನ್ನು ಕೊಟ್ಟಂತೆ. ಆಸ್ಪತ್ರೆಗೆ ಹೋಗಿಬರಲು ಬಿಡುವು, ಸಾಂಕ್ರಾಮಿಕದ ಮೊದಲ ಕೆಲವು ವಾರಗಳ ರಜಕ್ಕೆ ಸಂಬಳ, ಮದ್ದು ಮುಗಿಯುವವರೆಗೆ ಕೆಲಸದ ಭರವಸೆ, ದಿನದ ಊಟ ಇವನ್ನು ಕೊಡುವುದೇ ವೈದ್ಯಶಾಸ್ತ್ರ ಒಪ್ಪುವ ದಯೆ. ಮಲಗಲು ಹೇಳುವುದಕ್ಕೆ ಖರ್ಚಿಲ್ಲ. ರೋಗಿ ಎದ್ದು ನಿಲ್ಲುವಂತೆ ಮಾಡುವುದಕ್ಕೆ ಉಂಟು. ಆ ಖರ್ಚನ್ನು ರೋಗಿಯೊಬ್ಬನ ತಲೆಯ ಮೇಲೆಯೇ ಹೊರಿಸಬಾರದೆಂಬುದು ಹಾಸಿಗೆಯ ಚರಿತ್ರೆ ನಮಗೆ ಹೇಳುವ ಮಾತು.